ಮೋಟರ್ ಹಾಕಿದ ಮೇಲೂ ಡಿಆರ್‌ಒ ಬೇಕಾ?

ನಮಸ್ಕಾರ ಸರ್. ಮಿನಿ ಮಿಲ್‌ಗೆ (ಲೋಹ ಕೊರೆಯುವ ಸಣ್ಣ ಯಂತ್ರ) ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಹಾಕುತ್ತಿದ್ದೀರಿ, ಇನ್ನು ಡಿಆರ್‌ಒಗೆ (ಟೇಬಲ್ ಎಷ್ಟು ಸರಿಯಿತು ಅಂತ ಸ್ಕೇಲಿನಿಂದ ಅಳೆದು ಅಂಕಿಯಲ್ಲಿ ತೋರಿಸುವ ಸಾಧನ) ಕೊಡುವ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ದಂಡ ಅಲ್ಲ. ಮೊದಲು ಹಾಕಬೇಕಾದ್ದೇ ಅದು.

ಸ್ಟೆಪ್ಪರ್‌ಗೆ ಕಣ್ಣಿಲ್ಲ. ಕಂಟ್ರೋಲರ್ ‘ಇಷ್ಟು ಹೆಜ್ಜೆ ಹೋಗು’ ಅನ್ನುತ್ತದೆ, ಹೋಯಿತಾ ಅಂತ ನೋಡುವುದಿಲ್ಲ. ಡಿಆರ್‌ಒ ಸ್ಕೇಲ್ ಟೇಬಲ್ಲಿಗೇ ಕೂತಿರುವುದರಿಂದ ನಿಜ ಹೇಳುತ್ತದೆ. ಲೆಕ್ಕ ನೋಡಿ: ಮೋಟರಿನ ಒಂದು ಸುತ್ತಿಗೆ 200 ಹೆಜ್ಜೆ, ಮೈಕ್ರೋಸ್ಟೆಪ್ 10 (ಒಂದು ಹೆಜ್ಜೆಗೆ ಹತ್ತು ಭಾಗ), ಸ್ಕ್ರೂ ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ) 2 ಮಿ.ಮೀ. ಮಿಲಿಮೀಟರಿಗೆ 1000 ಹೆಜ್ಜೆ ಆಯಿತು. ಕಾಗದದ ಮೇಲೆ ಹೆಜ್ಜೆಗೆ ಒಂದು ಮೈಕ್ರಾನ್! ಸ್ಕ್ರೂ ಮೇಲೆ ಓಡುವ ನಟ್ಟಿನಲ್ಲಿ 0.2 ಮಿ.ಮೀ. ಆಟ (ಸಡಿಲ) ಇದ್ದರೆ ಅದೆಲ್ಲ ಸುಮ್ನೆ. ಇದರಿಂದಲೇ ನಾನು ಕೊರೆದ ದುಂಡನೆಯ ಪಾಕೆಟ್‌ನಲ್ಲಿ ನಾಲ್ಕು ಕಡೆ ಸಣ್ಣ ಮೆಟ್ಟಿಲು ಬರುತ್ತಿತ್ತು. ಎರಡು ವಾರ ಸಾಫ್ಟ್‌ವೇರನ್ನೇ ಬೈಯುತ್ತಾ ಕೂತಿದ್ದೆ.

ಹೀಗೆ ಪರೀಕ್ಷೆ ಮಾಡಿ. ಎಕ್ಸ್ ಅಕ್ಷವನ್ನು (ಟೇಬಲಿನ ಎಡ-ಬಲ ಓಡಾಟ) 0ಯಿಂದ 10ಕ್ಕೆ ಒಯ್ದು ಡಿಆರ್‌ಒ ಸೊನ್ನೆ ಮಾಡಿ. ಆಮೇಲೆ 20ಕ್ಕೆ ಹೋಗಿ ಮತ್ತೆ 10ಕ್ಕೆ ಬನ್ನಿ. ಈಗ ಕಾಣುವ ಅಂಕಿಯೇ ನಿಮ್ಮ ಬ್ಯಾಕ್‌ಲ್ಯಾಶ್, ಅಂದರೆ ಆ ಆಟ. ಜಿಬ್ (ಟೇಬಲ್ ಜಾರುವ ಸಂದಿನಲ್ಲಿರುವ ಪಟ್ಟಿ) ಬಿಗಿ ಮಾಡಿದರೆ ಇದು ಹೋಗಲ್ಲ, ಟೇಬಲ್ ಬಿಗಿಯಾಗುತ್ತದೆ ಅಷ್ಟೇ. ನಟ್ಟನ್ನೇ ಸರಿ ಮಾಡಬೇಕು, ಇಲ್ಲ ಬಾಲ್ ಸ್ಕ್ರೂ (ನಟ್ಟಿನೊಳಗೆ ಗುಂಡುಗಳು ಉರುಳುವ ಸ್ಕ್ರೂ) ಹಾಕಬೇಕು. 5 ಮಿ.ಮೀ. ಪಿಚ್‌ನದು ಹಾಕಿದರೆ ಕಂಟ್ರೋಲರ್‌ನಲ್ಲಿ ಮಿಲಿಮೀಟರಿಗೆ ಎಷ್ಟು ಹೆಜ್ಜೆ ಅನ್ನುವ ಸೆಟ್ಟಿಂಗನ್ನು 1000ದಿಂದ 400ಕ್ಕೆ ಬದಲಾಯಿಸಿ. ಝಡ್‌ಗೂ (ಹೆಡ್ ಮೇಲೆ-ಕೆಳಗೆ ಹೋಗುವ ಅಕ್ಷ) ಬಾಲ್ ಸ್ಕ್ರೂ ಹಾಕಿದರೆ ಹುಷಾರು, ಕರೆಂಟ್ ಹೋದಾಗ ಹೆಡ್ ತಾನಾಗೇ ಕೆಳಗಿಳಿಯಬಹುದು.

ಗಾಜಿನ ಸ್ಕೇಲ್ ಆದರೆ ರಬ್ಬರ್ ತುಟಿ ಕೆಳಮುಖವಾಗಿರಲಿ, ಚೂರು ಒಳಗೆ ಹೋಗಲ್ಲ. ಅದರ ಕೇಬಲ್ಲನ್ನು ಮೋಟರ್ ವೈರಿನಿಂದ ದೂರ ಎಳೆಯಿರಿ. ನಾನು ಒಟ್ಟಿಗೆ ಟ್ಯಾಗ್ ಹಾಕಿ ಕಟ್ಟಿದ್ದೆ, ಟೇಬಲ್ ನಿಂತಿದ್ದರೂ ಅಂಕಿ ಕುಣಿಯುತ್ತಿತ್ತು.