ರಮ್ ದ್ವೀಪದ ಕೂಲಿನ್ ಏಣನ್ನು ಒಂದು ವಾರಾಂತ್ಯದಲ್ಲಿ ಮುಗಿಸಬಹುದೇ?

ನೀವು ಕೇಳಿದ್ದು ಇಷ್ಟು: ಮ್ಯಾಂಚೆಸ್ಟರ್‌ನಲ್ಲಿರುವ ನೀವು ಮೂವರು ಗೆಳೆಯರು ಜೂನ್‌ನ ಒಂದು ಶನಿವಾರ, ಭಾನುವಾರದಲ್ಲಿ ಸ್ಕಾಟ್ಲೆಂಡಿನ ರಮ್ ದ್ವೀಪಕ್ಕೆ ಹೋಗಿ ಕೂಲಿನ್ ಬೆಟ್ಟಸಾಲನ್ನು ಪೂರ್ತಿ ದಾಟಿ ಬರಬಹುದೇ? ಕುಮಾರ ಪರ್ವತ ಹತ್ತಿದವರಿಗೆ ಅಲ್ಲಿನ 812 ಮೀಟರಿನ ಆಸ್ಕಿವಾಲ್ ಶಿಖರ ಕಷ್ಟವಾಗುತ್ತದೆಯೇ?

ಬೆಟ್ಟ ನಿಮಗೆ ದಕ್ಕಬಹುದು. ವಾರಾಂತ್ಯ ಸಾಲದು.

ಮೊದಲು ದೋಣಿಯ ವಿಷಯ. ಗ್ಲಾಸ್ಗೋದಿಂದ ಮ್ಯಾಲೆಗ್ ಬಂದರಿಗೆ ರೈಲಿನಲ್ಲೇ ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ರಮ್, ಎಗ್, ಮಕ್, ಕ್ಯಾನಾ ಎಂಬ ನಾಲ್ಕು ಪುಟ್ಟ ದ್ವೀಪಗಳಿಗೆ ಹೋಗುವ ಹಡಗು ಒಂದೇ. ಅದು ಎಲ್ಲ ದ್ವೀಪಕ್ಕೂ ಪ್ರತಿದಿನ ಹೋಗುವುದಿಲ್ಲ, ದಿನದಿಂದ ದಿನಕ್ಕೆ ಸಮಯವೂ ಬದಲಾಗುತ್ತದೆ, ಪ್ರವಾಸಿಗರ ಕಾರನ್ನು ಹತ್ತಿಸಿಕೊಳ್ಳುವುದಿಲ್ಲ. ಗಾಳಿ ಜೋರಾದರೆ ಆ ದಿನದ ಹಡಗೇ ರದ್ದು. ಹಾಗಾಗಿ ಬೆಟ್ಟದ ಯೋಜನೆಯನ್ನು ಭೂಪಟದಿಂದಲ್ಲ, ಹಡಗಿನ ವೇಳಾಪಟ್ಟಿಯಿಂದ ಶುರುಮಾಡಿ. ಬರುವ ದಿನ, ಹತ್ತುವ ದಿನ, ಮಳೆಗೆಂದು ಬಿಟ್ಟ ಒಂದು ದಿನ, ಮರಳುವ ದಿನ: ನಾಲ್ಕಕ್ಕಿಂತ ಕಡಿಮೆ ದಿನಗಳಿದ್ದರೆ ನಾನಂತೂ ಹೊರಡುವುದಿಲ್ಲ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಮುಖ್ಯವಾದ ಸಭೆ ಇಟ್ಟುಕೊಂಡವರು ಮಂಜಿನಲ್ಲೂ ಬೆಟ್ಟ ಹತ್ತಲು ಹೊರಡುತ್ತಾರೆ, ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ.

ಇನ್ನು ಎತ್ತರದ ಲೆಕ್ಕ. ಕುಮಾರ ಪರ್ವತ 1,712 ಮೀಟರ್ ಇರಬಹುದು, ಆದರೆ ಕುಕ್ಕೆಯಿಂದ ಹೊರಟರೆ ಗಿರಿಗದ್ದೆ ದಾಟಿ ಹೆಚ್ಚುಕಡಿಮೆ ಒಂದೇ ಏರು, ಒಂದೇ ಇಳಿಜಾರು. ಸುಸ್ತಾದರೆ ಬಂದ ದಾರಿಯಲ್ಲೇ ತಿರುಗಿ ಇಳಿಯಬಹುದು. ರಮ್‌ನಲ್ಲಿ ಹೊರಡುವುದು ಸಮುದ್ರದ ದಂಡೆಯಿಂದ. ಹ್ಯಾಲಿವಾಲ್, ಆಸ್ಕಿವಾಲ್, ಟ್ರೊಲವಾಲ್, ಐನ್ಶ್‌ವಾಲ್, ಸ್ಗೂರ್ ನನ್ ಗಿಲಿಯನ್ ಎಂಬ ಐದು ಶಿಖರಗಳನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿಯಬೇಕು. ಒಟ್ಟು ಏರು ಸುಮಾರು 1,800 ಮೀಟರ್, ನಡಿಗೆ 20 ಕಿಲೋಮೀಟರಿಗೂ ಮೇಲೆ. ಕಾಲು ಗಟ್ಟಿ ಇರುವವರಿಗೂ ಹತ್ತರಿಂದ ಹನ್ನೆರಡು ಗಂಟೆ ಬೇಕು. ನಡುನಡುವೆ ಕೈಯೂರಿ ಬಂಡೆ ಹತ್ತುವ ಜಾಗಗಳಿವೆ. ಕುಮಾರ ಪರ್ವತದ ಅನುಭವ ನಿಮ್ಮ ಉಸಿರಿಗೆ ನೆರವಾಗುತ್ತದೆ, ಕೈಗಳಿಗೆ ಅಷ್ಟಾಗಿ ಆಗದು. ನಿಮ್ಮ ಊರಿನಿಂದ ಹೆಲ್ವೆಲಿನ್ ಬೆಟ್ಟದ ಸ್ಟ್ರೈಡಿಂಗ್ ಎಡ್ಜ್ ಎಂಬ ಕಿರಿದಾದ ಬಂಡೆ ಏಣು ದೂರವೇನಲ್ಲ. ಒಮ್ಮೆ ಒದ್ದೆ ದಿನದಲ್ಲಿ ಅದನ್ನು ದಾಟಿ ನೋಡಿ. ಮೂವರಲ್ಲಿ ಒಬ್ಬರಿಗಾದರೂ ಅಲ್ಲಿ ಕಾಲು ನಡುಗಿದರೆ ರಮ್ ಅನ್ನು ಮುಂದಿನ ವರ್ಷಕ್ಕೆ ಇಡಿ.

ದಾರಿ ಹೀಗಿದೆ. ದ್ವೀಪದ ಏಕೈಕ ಹಳ್ಳಿ ಕಿನ್‌ಲಾಖ್. ಅಲ್ಲಿ ಕೆಲವೇ ಹತ್ತಾರು ಜನ, ಒಂದು ಸಣ್ಣ ಅಂಗಡಿ, ತಂಗುವ ಬಂಕ್‌ಹೌಸ್, ಡೇರೆ ಹಾಕುವ ಬಯಲು. ಜೊತೆಗೆ ಲ್ಯಾಂಕಾಶೈರಿನ ಜವಳಿಯಂತ್ರಗಳ ಹಣದಲ್ಲಿ ಜಾರ್ಜ್ ಬುಲೊ 1900ರ ಹೊತ್ತಿಗೆ ಕಟ್ಟಿಸಿ ಮುಗಿಸಿದ, ಊರಿಗೆ ಒಂದಿಷ್ಟೂ ಹೊಂದದ ಕೋಟೆಮನೆ. ಅದರ ಹಿಂದಿನಿಂದ ಕೊಯ್ರೆ ಡೂ ಕಣಿವೆಯಲ್ಲಿ ಏರಿ ಮೊದಲ ಕಣಿವೆಬಾಯಿ (ಎರಡು ಶಿಖರಗಳ ನಡುವಿನ ತಗ್ಗು) ತಲುಪಿದರೆ ಎಡಕ್ಕೆ ಹ್ಯಾಲಿವಾಲ್. ಅದರ ನೆತ್ತಿಯಿಂದ ದಕ್ಷಿಣಕ್ಕೆ ಇಳಿಯುವಾಗ ಮೆಟ್ಟಿಲು ಮೆಟ್ಟಿಲಾದ ಬಂಡೆಗಳು ಎದುರಾಗುತ್ತವೆ. ಆತುರ ಬೇಡ. ಆಮೇಲೆ ಹುಲ್ಲಿನ ಕಿರಿದಾದ ಏಣು, ಅದರ ತುದಿಯಲ್ಲಿ ಆಸ್ಕಿವಾಲ್‌ನ ಚೂಪು ಬಂಡೆ. ಹಗ್ಗ ಇಲ್ಲದವರು ಅದನ್ನು ನೇರವಾಗಿ ಹತ್ತಬಾರದು, ಎಡಗಡೆಯ ಪೂರ್ವ ಪಕ್ಕದಿಂದ ಸುತ್ತಿ ಹೋಗಬೇಕು. ಈ ಬೆಟ್ಟಗಳು ಸುಮಾರು ಆರು ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯೊಂದರ ಬೇರುಗಳು. ಒರಟು ಪೆರಿಡೊಟೈಟ್ ಬಂಡೆಯ ಮೇಲೆ ಬೂಟು ಚೆನ್ನಾಗಿ ಹಿಡಿಯುತ್ತದೆ, ಆದರೆ ಬಂಡೆಯ ಬಗೆ ಎಲ್ಲ ಕಡೆಯೂ ಒಂದೇ ಅಲ್ಲ. ಐನ್ಶ್‌ವಾಲ್ ಕಡೆ ಕಲ್ಲು ಸಡಿಲ, ಮಳೆ ಬಂದರೆ ಜಾರುತ್ತದೆ.

ಆಸ್ಕಿವಾಲ್‌ನಿಂದ ಇಳಿದರೆ ಬ್ಯಾಲಖ್ ಅನ್ ಓರ್ ಎಂಬ ಕಣಿವೆಬಾಯಿ. ನಿಮ್ಮ ದಿನದ ನಿರ್ಧಾರ ಆಗಬೇಕಾದ್ದು ಇಲ್ಲಿ. ಗಡಿಯಾರ ನೋಡಿ, ಆಕಾಶ ನೋಡಿ, ಮೂವರ ಮುಖವನ್ನೂ ನೋಡಿ. ಇಲ್ಲಿಂದ ಪೂರ್ವಕ್ಕೆ ಗ್ಲೆನ್ ಡಿಬಿಡಿಲ್ ಕಣಿವೆಗೆ ಇಳಿಯಬಹುದು. ಪಶ್ಚಿಮಕ್ಕೆ ಇಳಿದರೆ ಗ್ಲೆನ್ ಹ್ಯಾರಿಸ್, ಅಲ್ಲಿಂದ ಕಿನ್‌ಲಾಖ್‌ಗೆ ಉದ್ದವಾದರೂ ದಾರಿ ತಪ್ಪಲಾರದ ಗಾಡಿರಸ್ತೆ ಇದೆ. ಟ್ರೊಲವಾಲ್ ಹತ್ತಿ ಇಳಿದ ಮೇಲೆ ಬ್ಯಾಲಖ್ ಅನ್ ಉವರನ್‌ನಲ್ಲಿ ಇಂಥದೇ ಇನ್ನೊಂದು ಅವಕಾಶ ಸಿಗುತ್ತದೆ. ಅದನ್ನು ಬಿಟ್ಟು ಐನ್ಶ್‌ವಾಲ್‌ಗೆ ಕಾಲಿಟ್ಟರೆ ಸುಲಭವಾದ ಪಾರುದಾರಿ ಮುಗಿಯಿತು ಎಂದೇ ತಿಳಿಯಿರಿ. ಮೂವರೂ ಒಪ್ಪದೆ ಈ ಕಣಿವೆಬಾಯಿಗಳಿಂದ ಮುಂದೆ ಹೋಗುವುದಿಲ್ಲ ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಬೆಟ್ಟದ ಮೇಲೆ ಆ ಮಾತು ಎತ್ತಿದವನು ಹೇಡಿಯಂತೆ ಕಾಣುತ್ತಾನೆ, ಅದಕ್ಕೇ ಯಾರೂ ಎತ್ತುವುದಿಲ್ಲ. ಹ್ಯಾಲಿವಾಲ್, ಆಸ್ಕಿವಾಲ್ ಎರಡನ್ನೇ ಹತ್ತಿ ಬಂದ ದಾರಿಯಲ್ಲಿ ಮರಳುವುದು ಕೂಡ ಒಂದು ಪೂರ್ಣ ದಿನದ ಒಳ್ಳೆಯ ಚಾರಣವೇ.

ಕೊನೆಯ ಶಿಖರದಿಂದ ನೇರ ಪೂರ್ವಕ್ಕೆ ಇಳಿಯಬೇಡಿ, ಅಲ್ಲಿ ಕಡಿದಾದ ಬಂಡೆಗಳಿವೆ. ದಕ್ಷಿಣದ ಏಣಿನಲ್ಲಿ ಸಾಕಷ್ಟು ಇಳಿದ ಮೇಲೆ ಎಡಕ್ಕೆ ತಿರುಗಿ ಡಿಬಿಡಿಲ್ ಕೊಲ್ಲಿ ಸೇರಿ. ಅಲ್ಲಿ ಚಾರಣಿಗರಿಗೆಂದು ಬೀಗವಿಲ್ಲದೆ ಬಿಟ್ಟ ಕಲ್ಲಿನ ಮನೆಯೊಂದಿದೆ. ಮಲಗುವ ಚೀಲ, ಒಲೆ, ಅನ್ನ ಎಲ್ಲವನ್ನೂ ನೀವೇ ಹೊತ್ತೊಯ್ಯಬೇಕು. ಅಲ್ಲಿಂದ ಕಿನ್‌ಲಾಖ್‌ಗೆ ಎಂಟು ಕಿಲೋಮೀಟರಿಗೂ ಮೇಲೆ ನಡೆಯಬೇಕು. ಭೂಪಟದಲ್ಲಿ ನಿರುಪದ್ರವಿಯಂತೆ ಕಾಣುವ ಈ ಕರಾವಳಿ ದಾರಿಯನ್ನು ಬಹಳ ಜನ ಶಪಿಸುತ್ತಾರೆ. ಜೌಗು, ಏರಿಳಿತ, ಅಡ್ಡ ಬರುವ ಹಳ್ಳಗಳು. ಜೋರು ಮಳೆಯಾದರೆ ಹಳ್ಳ ಉಕ್ಕಿ ದಾಟಲಾಗುವುದಿಲ್ಲ, ಆಗ ಕಾಯುವುದೊಂದೇ ದಾರಿ. ಅದಕ್ಕೇ ಎರಡು ದಿನದ ಯೋಜನೆ ನನಗೆ ಹೆಚ್ಚು ಇಷ್ಟ: ಡಿಬಿಡಿಲ್‌ನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ನಿಧಾನವಾಗಿ ನಡೆದು ಬರುವುದು. ಹೆಗಲ ಹೊರೆ ಹೆಚ್ಚುತ್ತದೆ, ಮನಸ್ಸಿನದು ಇಳಿಯುತ್ತದೆ.

ಜೂನ್ ಆಯ್ಕೆ ಸರಿಯಾಗಿದೆ. ರಾತ್ರಿ ಹತ್ತು ದಾಟಿದರೂ ಬೆಳಕಿರುತ್ತದೆ. ಆದರೆ ಮಿಡ್ಜ್ ಎಂಬ ನುಸಿಯೂ ಅಷ್ಟರಲ್ಲಿ ಎದ್ದಿರುತ್ತದೆ. ಗಾಳಿ ನಿಂತ ಸಂಜೆ ಡೇರೆಯ ಹೊರಗೆ ಊಟ ಮಾಡುವ ಆಸೆ ಬಿಡಿ, ತಲೆಗೆ ಹಾಕುವ ಬಲೆ ಮರೆಯಬೇಡಿ. ಮೇ ತಿಂಗಳ ಮೊದಲರ್ಧ ಸಿಕ್ಕರೆ ಇನ್ನೂ ಒಳ್ಳೆಯದು. ದ್ವೀಪದಲ್ಲಿ ಕೆಂಪು ಜಿಂಕೆಗಳು ತುಂಬ, ರಕ್ತ ಹೀರುವ ಉಣ್ಣಿಗಳೂ ಹಾಗೆಯೇ. ಉಣ್ಣಿ ಎಂದರೆ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆಯನ್ನು. ಸಂಜೆ ಮಂಡಿಯ ಹಿಂದೆ, ಸೊಂಟದ ಸುತ್ತ ಹುಡುಕಿ ತೆಗೆಯಿರಿ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹ್ಯಾಲಿವಾಲ್, ಆಸ್ಕಿವಾಲ್ ಇಳಿಜಾರುಗಳಲ್ಲಿ, ಸಮುದ್ರದಿಂದ ನೂರಾರು ಮೀಟರ್ ಮೇಲೆ, ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಬಿಲ ತೋಡಿ ಮೊಟ್ಟೆ ಇಡುತ್ತವೆ. ಒಂದು ಲಕ್ಷಕ್ಕೂ ಹೆಚ್ಚು ಜೋಡಿಗಳಿವೆ, ಜಗತ್ತಿನ ಅತಿದೊಡ್ಡ ನೆಲೆಗಳಲ್ಲಿ ಇದೂ ಒಂದು. ಚಳಿಗಾಲ ಕಳೆಯಲು ದಕ್ಷಿಣ ಅಮೆರಿಕದ ಕಡಲಿಗೆ ಹೋಗಿ ವಸಂತದಲ್ಲಿ ಮರಳುತ್ತವೆ, ದಡಕ್ಕೆ ಬರುವುದು ಕತ್ತಲಾದ ಮೇಲೆ ಮಾತ್ರ. ರಾತ್ರಿ ಬೆಟ್ಟದ ಮೇಲಿದ್ದರೆ ನೆಲದಡಿಯಿಂದಲೇ ಗಂಟಲು ಹರಿದಂಥ ಕೂಗು ಕೇಳಿ ಬೆಚ್ಚಬೇಡಿ. ಅವುಗಳ ಹಿಕ್ಕೆಯ ಗೊಬ್ಬರದಿಂದ ಅಲ್ಲಿನ ಹುಲ್ಲು ಕಣ್ಣಿಗೆ ಹೊಡೆಯುವಷ್ಟು ಹಸಿರು. ಅಂಥ ಹಸಿರು ಕಂಡಲ್ಲಿ ಸವೆದ ದಾರಿ ಬಿಡಬೇಡಿ, ಬಿಲ ಕುಸಿದರೆ ಮರಿ ಸಾಯುತ್ತದೆ, ನಿಮ್ಮ ಪಾದವೂ ಉಳುಕುತ್ತದೆ.

ಮೊಬೈಲನ್ನು ನಂಬಿ ದಾರಿ ಹುಡುಕಬೇಡಿ. ಬ್ರಿಟನ್ನಿನ ಭೂಪಟ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ಭೂಪಟಗಳ 39ನೇ ಹಾಳೆಯಲ್ಲಿ ಇಡೀ ದ್ವೀಪವಿದೆ, ಅದನ್ನೂ ದಿಕ್ಸೂಚಿಯನ್ನೂ ಒಯ್ಯಿರಿ. ಸಾಧಾರಣ ಹವಾಮಾನ ವರದಿಯ ಬದಲು ಬೆಟ್ಟಗಳಿಗೆಂದೇ ಕೊಡುವ ಮುನ್ಸೂಚನೆ ನೋಡಿ, ಮಳೆಗಿಂತ ಗಾಳಿಯ ವೇಗಕ್ಕೆ ಗಮನ ಕೊಡಿ. ಹೊರಡುವ ಮುನ್ನ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂಬುದನ್ನು ತಂಗಿದ ಜಾಗದಲ್ಲಿ ತಿಳಿಸಿ. ಆಪತ್ತಿಗೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಪರ್ವತ ರಕ್ಷಣಾ ತಂಡ ಎಂದು ಕೇಳಬೇಕು. ಕರೆ ಹೋಗದ ಕಡೆ ಕೆಲವೊಮ್ಮೆ ಎಸ್ಎಂಎಸ್ ಹೋಗುತ್ತದೆ, ಅದಕ್ಕೆ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು 999ಕ್ಕೆ ಕಳುಹಿಸಿ ಮೊದಲೇ ನೋಂದಾಯಿಸಿಕೊಳ್ಳಬೇಕು. ಮೂವರೂ ಇದನ್ನು ಈ ವಾರವೇ ಮಾಡಿಬಿಡಿ. ಊಟದ ಸಾಮಾನನ್ನು ಒಂದು ದಿನಕ್ಕೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ, ಹಡಗು ಬಾರದ ದಿನ ಅಂಗಡಿಯೂ ಬರಿದಾಗಿರಬಹುದು. ನಿಮ್ಮ ದಿನಾಂಕ ಗೊತ್ತಾದರೆ ಇಲ್ಲೇ ಬರೆಯಿರಿ, ಹಡಗಿನ ಸಮಯಕ್ಕೆ ಹೊಂದುತ್ತದೆಯೇ ಎಂದು ನಾನೂ ನೋಡಿ ಹೇಳುತ್ತೇನೆ.