ಲೈಟ್ ಹೆವಿವೇಟ್‌ನಲ್ಲಿ ಒಂದು ದಿನವೂ ಬೆಲ್ಟ್ ಕಟ್ಟದ ಎಜಾರ್ಡ್ ಚಾರ್ಲ್ಸ್ ಯಾಕೆ ಮೊದಲಿಗ

ನಿಮ್ಮ ಪ್ರಶ್ನೆ ಇದು: ಲೈಟ್ ಹೆವಿವೇಟ್‌ನಲ್ಲಿ, ಅಂದರೆ ಹೆವಿವೇಟ್‌ಗಿಂತ ಕೆಳಗಿನ ತೂಕದ ವಿಭಾಗದಲ್ಲಿ, ಎಲ್ಲ ಕಾಲಕ್ಕೂ ದೊಡ್ಡ ಬಾಕ್ಸರ್ ಯಾರು? ನಿಮ್ಮ ಮತ ರಾಯ್ ಜೋನ್ಸ್ ಜೂನಿಯರ್‌ಗೆ. ಆ ತೂಕದಲ್ಲಿ ಚಾಂಪಿಯನ್ನೇ ಆಗದ, 1940ರ ದಶಕದ ಅಮೆರಿಕನ್ ಬಾಕ್ಸರ್ ಎಜಾರ್ಡ್ ಚಾರ್ಲ್ಸ್‌ನನ್ನು ಇಷ್ಟೊಂದು ಜನ ಯಾಕೆ ಮೇಲೆ ಕೂರಿಸುತ್ತಾರೆ ಅಂತ ಕೇಳಿದ್ದೀರಿ.

ನಾನೂ ಚಾರ್ಲ್ಸ್‌ನನ್ನೇ ಮೊದಲು ಇಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಗದಗಿನಿಂದ ಶುರು ಮಾಡಬೇಕು.

ನಮ್ಮದು ಬೆಟಗೇರಿ. ಅಜ್ಜ ಗರಡಿ ಮನೆಯ ಮಣ್ಣಿನಲ್ಲಿ ಬೆಳೆದವರು. ನಾನು ಚಿಕ್ಕವನಿದ್ದಾಗ ಸುತ್ತಲಿನ ಊರುಗಳ ಜಾತ್ರೆ ಕುಸ್ತಿಗೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಹಲಗಿ ಬಡಿತ, ಧೂಳು, ಕಣದ ಸುತ್ತ ಕೂತ ಜನ. ಯಾರಾದರೂ ಒಬ್ಬ ಪೈಲ್ವಾನನ ಹೆಸರು ಎತ್ತಿ, ಅವನು ಇಂಥ ಊರಲ್ಲಿ ಬೆಳ್ಳಿ ಗದೆ ಗೆದ್ದ, ಇಂಥ ಊರಲ್ಲಿ ಕಡಗ ಹಾಕಿಸಿಕೊಂಡ ಅಂದರೆ ಅಜ್ಜ ಒಂದೇ ಮಾತು ಕೇಳುತ್ತಿದ್ದರು. "ಯಾರ ಜೋಡಿ ಹಿಡಿದಾನ?"

ನಮ್ಮ ಕಡೆ ಜೋಡಿ ಅಂದರೆ 'ಜೊತೆ' ಅಂತಲೂ ಹೌದು, ಸರಿಸಮಾನ ಎದುರಾಳಿ ಅಂತಲೂ ಹೌದು. ಅಜ್ಜ ಎರಡೂ ಅರ್ಥದಲ್ಲಿ ಕೇಳುತ್ತಿದ್ದರು. ಗದೆ ಎಷ್ಟು ತೂಕದ್ದು ಅನ್ನುವುದು ಅವರಿಗೆ ಬೇಕಿರಲಿಲ್ಲ. ಎದುರಿಗೆ ನಿಂತವನು ಯಾರು, ಅವನ ಬೆನ್ನು ಮಣ್ಣಿಗೆ ಹತ್ತಿತಾ ಇಲ್ಲವಾ, ಅಷ್ಟೇ. ನಾನು ಬಾಕ್ಸಿಂಗ್ ನೋಡಲು ಶುರು ಮಾಡಿದ್ದು ಬಹಳ ಆಮೇಲೆ, ಮೊಬೈಲ್‌ನಲ್ಲಿ ಹಳೆಯ ವಿಡಿಯೊ ಸಿಗತೊಡಗಿದ ಮೇಲೆ. ಆದರೆ ಅಳತೆಗೋಲು ಅಜ್ಜನದೇ.

ಆ ಕೋಲಿನಿಂದ ಅಳೆದು ನೋಡಿ. ಚಾರ್ಲ್ಸ್ ಯಾರ ಜೋಡಿ ಹಿಡಿದ?

1942ರಲ್ಲಿ ಚಾರ್ಲಿ ಬರ್ಲಿ. ದೊಡ್ಡ ದೊಡ್ಡ ಚಾಂಪಿಯನ್‌ಗಳೆಲ್ಲ ತಪ್ಪಿಸಿಕೊಂಡು ಓಡಾಡುತ್ತಿದ್ದ ಮನುಷ್ಯ ಅವನು. ಕೊನೆವರೆಗೂ ವಿಶ್ವ ಪ್ರಶಸ್ತಿಗೆ ಆಡುವ ಅವಕಾಶವನ್ನೇ ಕೊಡಲಿಲ್ಲ ಅವನಿಗೆ. ಚಾರ್ಲ್ಸ್ ಅವನನ್ನು ಎರಡು ಸಲ ಸೋಲಿಸಿದ. ಆಗ ಚಾರ್ಲ್ಸ್‌ಗೆ 20 ವರ್ಷ. ಅದೇ ವರ್ಷ ಜೋಯಿ ಮ್ಯಾಕ್ಸಿಮ್‌ನನ್ನೂ ಎರಡು ಸಲ ಸೋಲಿಸಿದ. ಇದೇ ಮ್ಯಾಕ್ಸಿಮ್ 1950ರಲ್ಲಿ ಲೈಟ್ ಹೆವಿವೇಟ್ ಚಾಂಪಿಯನ್ ಆದ. ಇಬ್ಬರೂ ಒಟ್ಟು ಐದು ಸಲ ಆಡಿದರು, ಐದೂ ಸಲ ಚಾರ್ಲ್ಸ್ ಗೆದ್ದ.

1943ರಲ್ಲಿ ಪೆಟ್ಟೂ ಬಿತ್ತು. ಜಿಮ್ಮಿ ಬಿವಿನ್ಸ್ ಸೋಲಿಸಿದ. ಲಾಯ್ಡ್ ಮಾರ್ಷಲ್ ಅಂತೂ ಮತ್ತೆ ಮತ್ತೆ ನೆಲಕ್ಕೆ ಕೆಡವಿ ಪಂದ್ಯವನ್ನೇ ನಿಲ್ಲಿಸುವ ಹಾಗೆ ಮಾಡಿದ. ಆಮೇಲೆ ಎರಡನೇ ಮಹಾಯುದ್ಧದ ಸೈನ್ಯ ಸೇವೆ. 1946ರಲ್ಲಿ ವಾಪಸ್ ಬಂದ ಚಾರ್ಲ್ಸ್ ಬೇರೆಯೇ ಮನುಷ್ಯ. ಮಾರ್ಷಲ್‌ನನ್ನು ಎರಡು ಸಲ ನಾಕೌಟ್ ಮಾಡಿದ. ಬಿವಿನ್ಸ್ ಮತ್ತೆ ಅವನ ಮೇಲೆ ಗೆಲ್ಲಲೇ ಇಲ್ಲ. ಸೋಲಿಸಿದವನನ್ನು ಹುಡುಕಿಕೊಂಡು ಹೋಗಿ ಲೆಕ್ಕ ಚುಕ್ತಾ ಮಾಡುವ ಈ ಗುಣ ನನಗೆ ಯಾವ ಬೆಲ್ಟ್‌ಗಿಂತಲೂ ದೊಡ್ಡದು.

ಇನ್ನು ಆರ್ಚಿ ಮೂರ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಇಡೀ ಚರ್ಚೆಯ ಕೀಲಿಕೈ ಇವನ ಹತ್ತಿರ ಇದೆ.

ಮೂರ್ 1935ರ ಹೊತ್ತಿಗೆ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದವನು. ಚಾಂಪಿಯನ್ ಆಗಿದ್ದು 1952ರ ಡಿಸೆಂಬರ್‌ನಲ್ಲಿ. ಮಧ್ಯದ ವರ್ಷಗಳೆಲ್ಲ ಕಾದಿದ್ದೇ. ಕಪ್ಪು ಬಾಕ್ಸರ್, ಜೊತೆಗೆ ಸೋಲಿಸಲು ಕಷ್ಟ. ಇಂಥವನಿಗೆ ಅವಕಾಶ ಕೊಟ್ಟು ಬೆಲ್ಟ್ ಕಳೆದುಕೊಳ್ಳಲು ಯಾವ ಚಾಂಪಿಯನ್‌ನ ಮ್ಯಾನೇಜರ್ ತಯಾರಿರುತ್ತಾನೆ ಹೇಳಿ? ಕೊನೆಗೆ ಮ್ಯಾಕ್ಸಿಮ್ ಒಪ್ಪಿದಾಗ ಅವನಿಗೆ 1 ಲಕ್ಷ ಡಾಲರ್ ಗ್ಯಾರಂಟಿ, ಮೂರ್ ಕೈಗೆ ಬಂದಿದ್ದು 800 ಡಾಲರ್. ಮೂರ್ ಗೆದ್ದ. ಗೆದ್ದ ಮೇಲೆ 1962ರವರೆಗೆ ರಿಂಗ್‌ನಲ್ಲಿ ಯಾರೂ ಆ ಬೆಲ್ಟನ್ನು ಅವನಿಂದ ಕಸಿಯಲು ಆಗಲಿಲ್ಲ. ಬಾಕ್ಸಿಂಗ್ ಅಧಿಕಾರಿಗಳೇ ಕಿತ್ತುಕೊಂಡರು. ಅವನು ಮಾಡಿದ ನಾಕೌಟ್‌ಗಳು 130 ದಾಟುತ್ತವೆ.

1958ರ ಡಿಸೆಂಬರ್ 10ರ ಪಂದ್ಯ ನೋಡಿದ್ದೀರಾ? ಮಾಂಟ್ರಿಯಲ್‌ನಲ್ಲಿ, ಕೆನಡಾದವನೇ ಆದ ಈವಾನ್ ಡ್ಯುರೆಲ್ ಜೊತೆ ನಡೆದದ್ದು. ಮೊದಲ ಸುತ್ತಿನಲ್ಲೇ ಮೂರ್ ಮೂರು ಸಲ ನೆಲ ಕಚ್ಚಿದ. ಐದನೇ ಸುತ್ತಿನಲ್ಲಿ ಇನ್ನೊಂದು ಸಲ. ಆಗ ಅವನಿಗೆ ಕಡಿಮೆ ಅಂದರೂ 41 ದಾಟಿತ್ತು. ತಾಯಿ ಹೇಳಿದ ಹುಟ್ಟಿದ ವರ್ಷ ನಂಬಿದರೆ ಇನ್ನೂ ಮೂರು ಸೇರಿಸಿ. ಆ ಮನುಷ್ಯ ಎದ್ದು, ಉಸಿರು ಹಿಡಿದು, ಒಂದೊಂದೇ ಸುತ್ತು ವಾಪಸ್ ಕಿತ್ತುಕೊಂಡು, 11ನೇ ಸುತ್ತಿನಲ್ಲಿ ಡ್ಯುರೆಲ್‌ನನ್ನು ನಾಕೌಟ್ ಮಾಡಿದ. ನಾನು ಅದನ್ನು ಮೊದಲ ಸಲ ನೋಡಿದ್ದು ಮಧ್ಯರಾತ್ರಿ. ಮುಗಿದ ಮೇಲೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅಜ್ಜನಿಗೆ ತೋರಿಸಿದೆ. ಅವರು ಮೊದಲ ಸುತ್ತು ನೋಡಿ, ಇವನು ಮುಗಿದ ಅಂದುಬಿಟ್ಟರು. 11ನೇ ಸುತ್ತು ಮುಗಿದಾಗ ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗಿತ್ತು.

ಈಗ ಲೆಕ್ಕ ಹಾಕಿ. ಈ ಮೂರ್‌ನನ್ನು ಚಾರ್ಲ್ಸ್ 1946ರಲ್ಲಿ ಸೋಲಿಸಿದ. 1947ರಲ್ಲಿ ಸೋಲಿಸಿದ. 1948ರಲ್ಲಿ ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಮೂರಕ್ಕೆ ಮೂರು. ಮೂರ್ ಆಗ ಮುದುಕ ಆಗಿರಲಿಲ್ಲ, ಎಳಸೂ ಆಗಿರಲಿಲ್ಲ. ಮುಂದೆ ಒಂಬತ್ತು ವರ್ಷ ಆ ತೂಕವನ್ನು ಆಳಿದವನನ್ನು ಮೂರೂ ಸಲ ಮಣ್ಣು ಮುಕ್ಕಿಸಿದವನಿಗೆ ಬೆಲ್ಟ್ ಇರಲಿಲ್ಲ ಅಂದರೆ, ಅದು ಬೆಲ್ಟ್ ಇಟ್ಟುಕೊಂಡವರ ಕೊರತೆ. ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ ಚಾಂಪಿಯನ್ ಆಗಿದ್ದ ಗಸ್ ಲೆಸ್ನೆವಿಚ್ 1948ರವರೆಗೂ ಪ್ರಶಸ್ತಿ ಇಟ್ಟುಕೊಂಡಿದ್ದ. ಯುದ್ಧದ ಕಾಲದಲ್ಲಿ ಅದು ಪಣಕ್ಕೇ ಬರಲಿಲ್ಲ. ಆಮೇಲೂ ಚಾರ್ಲ್ಸ್‌ಗೆ ಕರೆ ಬರಲಿಲ್ಲ. ಕಡೆಗೆ ಚಾರ್ಲ್ಸ್ ಮೇಲಿನ ತೂಕಕ್ಕೆ ಹೋಗಿ 1949ರಲ್ಲಿ ಹೆವಿವೇಟ್ ಪ್ರಶಸ್ತಿ ಗೆದ್ದ. ಅದನ್ನು ಉಳಿಸಿಕೊಳ್ಳಲು ಆಡಿದ ಮೊದಲ ಪಂದ್ಯದಲ್ಲಿ ಎದುರಿಗಿದ್ದವನು ಅದೇ ಲೆಸ್ನೆವಿಚ್. ಏಳು ಸುತ್ತಿಗೆ ಅವನ ಕಥೆ ಮುಗಿಯಿತು.

ಮೇಲೆ ಹೋಗುವುದು ಅಷ್ಟು ಸುಲಭ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೈಟ್ ಹೆವಿವೇಟ್‌ನ ಮಿತಿ 175 ಪೌಂಡ್, ಸುಮಾರು 79.4 ಕಿಲೋ. ಈ ತೂಕ 1903ರಲ್ಲಿ ಶುರುವಾಯಿತು. ಅದರ ಮೇಲೆ ನೇರ ಹೆವಿವೇಟ್. ಮಧ್ಯದ ಕ್ರೂಸರ್‌ವೇಟ್ ಬಂದಿದ್ದು 1980ರ ಸುಮಾರಿಗೆ. ದುಡ್ಡು, ಹೆಸರು ಎಲ್ಲ ಹೆವಿವೇಟ್‌ನಲ್ಲಿ. ಹಾಗಾಗಿ ಒಳ್ಳೆಯವರೆಲ್ಲ ತಮಗಿಂತ ಹತ್ತಿಪ್ಪತ್ತು ಕಿಲೋ ಹೆಚ್ಚು ಭಾರದವರ ಎದುರು ಹೋಗಿ ನಿಂತರು. ಬಿಲ್ಲಿ ಕಾನ್ 1941ರಲ್ಲಿ ಬೆಲ್ಟ್ ಬಿಟ್ಟು ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ಎದುರು ಹೋದ. 12 ಸುತ್ತು ಮುಗಿದಾಗ ಮುಂದಿದ್ದ. ಸುಮ್ನೆ ದೂರ ನಿಂತು ಆಡಿದ್ದರೆ ಸಾಕಿತ್ತು. ನಾಕೌಟ್ ಮಾಡಲು ಹೋಗಿ 13ನೇ ಸುತ್ತಿನಲ್ಲಿ ತಾನೇ ಬಿದ್ದ. ಬಾಬ್ ಫಾಸ್ಟರ್ ಈ ತೂಕದಲ್ಲಿ ಯಮ. 1968ರಲ್ಲಿ ಡಿಕ್ ಟೈಗರ್‌ನನ್ನು ಒಂದು ಎಡಗೈ ಹುಕ್‌ನಿಂದ ಮಲಗಿಸಿದ, ಟೈಗರ್ ತನ್ನ ಇಡೀ ಜೀವನದಲ್ಲಿ ನಾಕೌಟ್ ಆಗಿದ್ದು ಅದೊಂದೇ ಸಲ. ಪ್ರಶಸ್ತಿಯನ್ನು 14 ಸಲ ಉಳಿಸಿಕೊಂಡ. ಆದರೆ ಮೇಲಿನ ತೂಕದಲ್ಲಿ ಜೋ ಫ್ರೇಜಿಯರ್, ಮುಹಮ್ಮದ್ ಅಲಿ ಇಬ್ಬರೂ ಅವನನ್ನು ಕೆಡವಿದರು.

ಈ ಗೋಡೆ ದಾಟಿದವನು ಮೈಕೆಲ್ ಸ್ಪಿಂಕ್ಸ್. 1985ರಲ್ಲಿ 48 ಪಂದ್ಯ ಆಡಿ ಒಂದೂ ಸೋಲದ ಲ್ಯಾರಿ ಹೋಮ್ಸ್‌ನನ್ನು ಸೋಲಿಸಿದ. ಲೈಟ್ ಹೆವಿವೇಟ್ ಚಾಂಪಿಯನ್ ಆಗಿರುವಾಗಲೇ ಹೆವಿವೇಟ್ ಗೆದ್ದವರಲ್ಲಿ ಅವನೇ ಮೊದಲು. ಜನ ಇವತ್ತಿಗೂ ಸ್ಪಿಂಕ್ಸ್ ಅಂದರೆ ಮೈಕ್ ಟೈಸನ್ ಎದುರು 91 ಸೆಕೆಂಡಿನಲ್ಲಿ ಸೋತವನು ಅಂತಾರೆ. ಇದು ನನಗೆ ಬಹಳ ಬೇಜಾರಿನ ವಿಷಯ. 175 ಪೌಂಡ್‌ನಲ್ಲಿ ಅವನು ಸೋತೇ ಇಲ್ಲ. 1983ರಲ್ಲಿ ಡ್ವೈಟ್ ಮುಹಮ್ಮದ್ ಕಾವಿ ಎದುರು, ಬೇರೆ ಬೇರೆ ಸಂಸ್ಥೆಗಳು ಕೊಡುವ ಎರಡು ಬೆಲ್ಟ್ ಒಂದಾದವು. ಅದಕ್ಕೆ ಎರಡು ತಿಂಗಳು ಮೊದಲಷ್ಟೇ ಸ್ಪಿಂಕ್ಸ್‌ನ ಪುಟ್ಟ ಮಗಳ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಳು. ಆ ನೋವು ಹೊತ್ತುಕೊಂಡು 15 ಸುತ್ತು ನಿಂತು ಗೆದ್ದ. ಆ ತೂಕದಲ್ಲಿ ಚಾಂಪಿಯನ್ ಆಗಿದ್ದವರಲ್ಲಿ ಮಾತ್ರ ಆರಿಸಿ ಅಂದರೆ ಮೂರ್, ಸ್ಪಿಂಕ್ಸ್ ಇಬ್ಬರಲ್ಲಿ ಯಾರನ್ನು ಹೇಳಲಿ ಅಂತ ನನಗೆ ಇನ್ನೂ ಗೊಂದಲ ಇದೆ. ಇವತ್ತು ಕೇಳಿದರೆ ಮೂರ್.

ಈಗ ನಿಮ್ಮ ರಾಯ್ ಜೋನ್ಸ್‌ಗೆ ಬರೋಣ. ಅವನನ್ನು ಕಡಿಮೆ ಮಾಡುವ ಮನಸ್ಸು ನನಗಿಲ್ಲ. ಅಂಥ ಕೈ ವೇಗ ಈ ತೂಕದಲ್ಲಿ ನಾನು ಇನ್ನೊಬ್ಬರಲ್ಲಿ ನೋಡಿಲ್ಲ. 1998ರಲ್ಲಿ ವರ್ಜಿಲ್ ಹಿಲ್‌ನ ಪಕ್ಕೆಗೆ ಬಿದ್ದ ಆ ಒಂದು ಬಲಗೈ ಹೊಡೆತ, 2002ರಲ್ಲಿ ಎರಡೂ ಕೈ ಬೆನ್ನ ಹಿಂದೆ ಇಟ್ಟು ನಿಂತು ಗ್ಲೆನ್ ಕೆಲ್ಲಿಯನ್ನು ಕೆಡವಿದ್ದು, ಇವೆಲ್ಲ ಮೈ ಜುಮ್ಮೆನ್ನಿಸುತ್ತವೆ. 2003ರಲ್ಲಿ ಜಾನ್ ರುಯಿಜ್‌ನನ್ನು ಸೋಲಿಸಿ ಹೆವಿವೇಟ್ ಬೆಲ್ಟೂ ಗೆದ್ದ. ಒಂದು ರಾತ್ರಿ, ಒಂದು ಪಂದ್ಯ, ಎದುರಿಗೆ ಯಾರೇ ಇರಲಿ ಅಂದರೆ ನಾನೂ ಆ ಹೊತ್ತಿನ ಜೋನ್ಸ್ ಮೇಲೆ ದುಡ್ಡು ಹಾಕುತ್ತೇನೆ.

ಆದರೆ ಯಾರು ಗೆಲ್ಲುತ್ತಾರೆ ಅನ್ನುವುದು ಒಂದು ಪ್ರಶ್ನೆ, ಯಾರು ದೊಡ್ಡವರು ಅನ್ನುವುದು ಇನ್ನೊಂದು ಪ್ರಶ್ನೆ ಅಲ್ವಾ? 175ರಲ್ಲಿ ಜೋನ್ಸ್ ಯಾರ ಜೋಡಿ ಹಿಡಿದ ಅಂತ ಕೇಳಿದರೆ ಉತ್ತರ ತೆಳುವಾಗುತ್ತೆ. ಹಿಲ್, ಮೈಕ್ ಮೆಕಾಲಂ ಒಳ್ಳೆಯವರೇ, ಆದರೆ ಇಬ್ಬರೂ ತಮ್ಮ ಒಳ್ಳೆಯ ದಿನ ದಾಟಿದ್ದರು. ಜರ್ಮನಿಯಲ್ಲಿ ವರ್ಷಗಟ್ಟಲೆ ಇನ್ನೊಂದು ಬೆಲ್ಟ್ ಹಿಡಿದು ಕೂತಿದ್ದ ಡೇರಿಯಸ್ ಮಿಖಾಲ್ಚೆವ್ಸ್ಕಿ ಜೊತೆ ಪಂದ್ಯ ಆಗಲೇ ಇಲ್ಲ. ತಪ್ಪು ಯಾರದೇ ಇರಲಿ, ಆಗಲಿಲ್ಲ. 2004ರಲ್ಲಿ ಆಂಟೋನಿಯೊ ಟಾರ್ವರ್ ಎರಡನೇ ಸುತ್ತಿನಲ್ಲಿ ಅವನನ್ನು ಕೆಡವಿದ. ಅದೇ ವರ್ಷ ಗ್ಲೆನ್ ಜಾನ್ಸನ್. ಆ ಸೋಲುಗಳನ್ನು ನಾನು ಜಾಸ್ತಿ ಲೆಕ್ಕಕ್ಕೆ ತಗೊಳ್ಳಲ್ಲ, ವಯಸ್ಸು ಎಲ್ಲರಿಗೂ ಬರುತ್ತೆ. ಆದರೆ ಚಾರ್ಲ್ಸ್ ಮಾರ್ಷಲ್‌ನನ್ನು ಹುಡುಕಿಕೊಂಡು ಹೋಗಿದ್ದನ್ನು ಇದರ ಪಕ್ಕ ಇಟ್ಟು ನೋಡಿ.

ನಮ್ಮ ಕಾಲದಲ್ಲೂ ಒಂದು ಒಳ್ಳೆಯ ಜೋಡಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಆರ್ಟುರ್ ಬೆಟರ್ಬಿಯೆವ್ ಮತ್ತು ಡಿಮಿಟ್ರಿ ಬಿವೋಲ್ ಈ ತೂಕದ ನಾಲ್ಕೂ ಸಂಸ್ಥೆಗಳ ಬೆಲ್ಟ್‌ಗೆ ಆಡಿದರು. ನಮಗಿಲ್ಲಿ ಬೆಳಗಿನ ಜಾವ. ಅಣ್ಣನ ಮಗ, ನಾನು, ಒಂದೇ ಮೊಬೈಲ್. ಬೆಟರ್ಬಿಯೆವ್ ಅದಕ್ಕೆ ಮೊದಲು ಆಡಿದ 20 ಪಂದ್ಯವನ್ನೂ ನಾಕೌಟ್‌ನಿಂದ ಗೆದ್ದವನು. ಅವತ್ತು ಪಾಯಿಂಟ್ ಮೇಲೆ ಗೆದ್ದ. 2025ರ ಫೆಬ್ರುವರಿಯಲ್ಲಿ ಮತ್ತೆ ಆಡಿದಾಗ ಬಿವೋಲ್ ಗೆದ್ದ. ಎರಡು ಸಲವೂ ಒಬ್ಬ ಜಡ್ಜ್ ಸಮ ಅಂತ ಕೊಟ್ಟ, ಅಷ್ಟು ಹತ್ತಿರ. ಇವರನ್ನು ಹಳಬರ ಸಾಲಿಗೆ ಸೇರಿಸಲು ಇನ್ನೂ ಸಮಯ ಬೇಕು. ಆದರೆ ಯಾರ ಜೋಡಿ ಅಂತ ಕೇಳಿದರೆ ಇಬ್ಬರಿಗೂ ಹೇಳಲು ಒಂದು ಗಟ್ಟಿ ಹೆಸರು ಸಿಕ್ಕಿತು.

ಚಾರ್ಲ್ಸ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಗಿಸಲು ಆಗಲ್ಲ. 1948ರ ಫೆಬ್ರುವರಿಯಲ್ಲಿ ಷಿಕಾಗೊದಲ್ಲಿ ಅವನ ಎದುರು ಆಡಿದ ಸ್ಯಾಮ್ ಬರೂಡಿ ಅನ್ನುವ ಹುಡುಗ ಪೆಟ್ಟು ತಿಂದು ಸತ್ತುಹೋದ. ಚಾರ್ಲ್ಸ್ ಬಾಕ್ಸಿಂಗ್ ಬಿಡುವ ಯೋಚನೆ ಮಾಡಿದ್ದ. ಬಿಡಲಿಲ್ಲ, ಆದರೆ ಆಮೇಲೆ ಮೊದಲಿನ ಕಿಚ್ಚು ಇರಲಿಲ್ಲ ಅಂತಾರೆ. ಮೂರ್‌ನನ್ನು ನಾಕೌಟ್ ಮಾಡಿದ ಮರು ತಿಂಗಳೇ ನಡೆದ ಘಟನೆ ಇದು. ಅಂದರೆ ನಾವು ವಿಡಿಯೊದಲ್ಲಿ ನೋಡುವ ಹೆವಿವೇಟ್ ಚಾರ್ಲ್ಸ್, ಆ ರಾತ್ರಿ ದಾಟಿ ಬಂದವನು. ಅದಕ್ಕೆ ಮೊದಲಿನ, 175 ಪೌಂಡ್‌ನ ಚಾರ್ಲ್ಸ್‌ನ ಚಿತ್ರೀಕರಣ ಬಹಳ ಕಡಿಮೆ. ಜೋನ್ಸ್‌ನ ಒಂದೊಂದು ಹೊಡೆತವೂ ನಮ್ಮ ಕಣ್ಣ ಮುಂದೆ ಇದೆ, ಚಾರ್ಲ್ಸ್‌ನದು ಕಾಗದದ ಮೇಲೆ ಇದೆ. ನಿಮ್ಮ ಅನುಮಾನಕ್ಕೆ ಅರ್ಧ ಕಾರಣ ಇದೇ ಇರಬೇಕು.

ಅದಕ್ಕೆ ಒಂದು ಕೆಲಸ ಮಾಡಿ. 1954ರ ಜೂನ್‌ನಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಜೊತೆ ಚಾರ್ಲ್ಸ್ ಆಡಿದ ಮೊದಲ ಪಂದ್ಯ ಹುಡುಕಿ ನೋಡಿ. ಮಾರ್ಸಿಯಾನೊ ಎದುರು ಪೂರ್ತಿ 15 ಸುತ್ತು ನಿಂತವನು ಅವನೊಬ್ಬನೇ. ಮೊದಲ ಕೆಲವು ಸುತ್ತುಗಳಲ್ಲಿ ಅವನ ಕಾಲು ನೋಡಿ, ಪೆಟ್ಟು ಹಾಕಿ ಪಕ್ಕಕ್ಕೆ ಜಾರುವ ರೀತಿ ನೋಡಿ. ಆಗ ಅವನಿಗೆ 32, ಮೈಯಲ್ಲಿ ನೂರಕ್ಕೆ ಹತ್ತಿರದ ಪಂದ್ಯಗಳ ಸವೆತ. ಮೂರ್‌ನನ್ನು ನಾಕೌಟ್ ಮಾಡಿದಾಗ ಅವನಿಗೆ 26. ನೋಡಿದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ಮಾತು ಮುಂದುವರಿಸೋಣ.