ಬ್ಯಾಂಕಿನ ವ್ಯಾಲ್ಯುವರ್ ಬರುವ ಮುಂಚೆ ಮನೆಗೆ ಬಣ್ಣ ಹೊಡೆಸಬೇಕಾ?

ಮನೆ ಮೇಲೆ ಸಾಲ ತೆಗೀತಿದ್ದೀರಿ, ಮುಂದಿನ ವಾರ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ವ್ಯಾಲ್ಯುವರ್ ಬರುತ್ತಾರೆ, ಅಷ್ಟರೊಳಗೆ ಬಣ್ಣ ಹೊಡೆಸಿ, ಹಳೇ ಶಹಾಬಾದ್ ಕಲ್ಲು ಕಿತ್ತು ಟೈಲ್ಸ್ ಹಾಕಿಸಿದರೆ ಬೆಲೆ ಜಾಸ್ತಿ ಬರುತ್ತಾ ಅಂತ ಕೇಳಿದ್ದೀರಿ. ಊರು ಕಲಬುರಗಿ ಅಂತ ಬೇರೆ ಬರೆದಿದ್ದೀರಿ. ಪೇಂಟರ್‌ಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಡಬೇಡಿ.

2024ರ ಮೇ ತಿಂಗಳಲ್ಲಿ ನಾನೂ ಹೀಗೇ ಒದ್ದಾಡಿದ್ದೆ. ಮಗಳ ಕಾಲೇಜು ಫೀಸಿಗೆ ಮನೆ ಅಡ ಇಟ್ಟು ಸಾಲ ಎತ್ತಬೇಕಿತ್ತು. ಜೇವರ್ಗಿ ರಸ್ತೆ ಕಡೆ 30×40 ಸೈಟು, 1998ರಲ್ಲಿ ಅಪ್ಪ ಕಟ್ಟಿಸಿದ ಮನೆ. ಕೆಳಗೆಲ್ಲ ಎರೆ ಮಣ್ಣು. ತೊಗರಿಗೆ ಬಂಗಾರ, ಗೋಡೆಗೆ ಶನಿ. ಮಳೆ ಬಂದರೆ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವ ಮಣ್ಣು ಮನೆ ಬುನಾದಿಯ ಕೆಳಗೆ ಮಾತ್ರ ಸುಮ್ನೆ ಕೂರುತ್ತಾ?

ನಮ್ಮ ಪಡಸಾಲೆ ಕಿಟಕಿಯ ಮೂಲೆಯಿಂದ ಒಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಸೂರಿನ ಕಡೆ ಹತ್ತಿತ್ತು. ಮೇನಲ್ಲಿ ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುತ್ತಿತ್ತು, ಆಗಸ್ಟ್ ಹೊತ್ತಿಗೆ ಉಗುರೂ ಹೋಗುತ್ತಿರಲಿಲ್ಲ. ಅಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಪ್ರತಿ ಬೇಸಿಗೆ ಸ್ಟೂಲ್ ಹತ್ತಿ, ಬಿರುಕಿನ ತುದಿ ಎಲ್ಲಿದೆಯೋ ಅಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆಯುತ್ತಿದ್ದರು. 2003, 2004, 2006. 2006ರ ಗೆರೆಯನ್ನು ಬಿರುಕು ಆಮೇಲೆ ದಾಟಲೇ ಇಲ್ಲ. ಅದರ ಮೇಲೇ 2007, 2008, 2011 ಅಂತ ಇಸವಿಗಳು ಒತ್ತೊತ್ತಾಗಿ ಕೂತಿದ್ದವು. ನಮಗೆಲ್ಲ ಅದೊಂದು ತಮಾಷೆ.

ವ್ಯಾಲ್ಯುವರ್ ಬರುತ್ತಾರೆ ಅಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅಂದರೆ ಆ ಗೋಡೆಯನ್ನು ಉಜ್ಜಿಸಿ, ಪುಟ್ಟಿ ತುಂಬಿಸಿ, ಇಡೀ ಮನೆಗೆ ಬಣ್ಣ ಹೊಡೆಸಿದ್ದು. 48 ಸಾವಿರ ಖರ್ಚು. ಪೇಂಟರ್ ಸ್ಯಾಂಡ್‌ಪೇಪರ್ ಹಾಕಿ ಉಜ್ಜುವಾಗ ಅಪ್ಪನ ಇಸವಿಗಳು ಪುಡಿಯಾಗಿ ಉದುರಿದವು. ನಾನು ಎದುರಿಗೇ ಚಹಾ ಕುಡೀತಾ ಕೂತಿದ್ದೆ.

ವ್ಯಾಲ್ಯುವರ್ ಬಂದಿದ್ದು ಮೂರು ವಾರ ತಡವಾಗಿ. ಅಷ್ಟರಲ್ಲಿ ಸೆಕೆ ಇನ್ನೂ ಏರಿತ್ತು, ಮಣ್ಣು ಇನ್ನೂ ಒಣಗಿತ್ತು. ಹೊಸ ಕೆನೆ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ ಎದ್ದಿತ್ತು. ನಾನು ನೋಡಿರಲಿಲ್ಲ. ಅವರು ಟೇಪು ಹಿಡಿಯೋ ಮುಂಚೆಯೇ ನೋಡಿದರು.

'ಇದು ಯಾವಾಗಿಂದ ಅದ ರೀ?'

'ಏನಿಲ್ರೀ ಸರ್, ಮೊನ್ನೆನೇ ಬಣ್ಣ ಹಚ್ಚಿಸೀವಿ.'

'ಅದಕ್ಕೇ ಕೇಳಿದೆ. ಮೊನ್ನೆ ಹಚ್ಚಿದ ಬಣ್ಣ ಇವತ್ತು ಬಿರುಕು ಬಿಟ್ಟದ ಅಂದ್ರ ಗ್ವಾಡಿ ಇನ್ನೂ ಸರಿಲಾಕತ್ತದ ಅಲ್ರೀ?'

ಆಗ ಬಾಯಿ ಬಿಟ್ಟು ಹೇಳಿದೆ, ಇಲ್ಲ ಸರ್, ಇಪ್ಪತ್ತು ವರ್ಷದ ಹಳೇ ಬಿರುಕು, 2006ರಿಂದ ನಿಂತಿದೆ ಅಂತ. ಅವರು ನಕ್ಕರು. ಬೈಯುವಂಥ ನಗು ಅಲ್ಲ, ಆದರೆ ನಂಬಿದ ನಗುವೂ ಅಲ್ಲ. ಎರಡು ನಿಮಿಷದ ಹಿಂದೆ ಏನಿಲ್ರೀ ಅಂದವನ ಮಾತು ಯಾಕೆ ನಂಬಬೇಕು?

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ದುಡ್ಡು ಹೋಗಿದ್ದು ಇಲ್ಲೇ. ಬಿರುಕಿಗೆ ಅವರು ಬೆಲೆ ಕಡಿಮೆ ಮಾಡಲಿಲ್ಲ. ನಮ್ಮ ಕಡೆ ಬಿರುಕಿಲ್ಲದ ಹಳೇ ಮನೆ ಎಷ್ಟಿವೆ? ಅವರಿಗೂ ಗೊತ್ತು. ಅವರಿಗೆ ಬೇಕಿದ್ದದ್ದು ಬಿರುಕು ಬೆಳೀತಿದೆಯೋ ನಿಂತಿದೆಯೋ ಅನ್ನೋದು. ನಿಂತಿದೆ ಅನ್ನೋದಕ್ಕೆ ಸಾಕ್ಷಿ ಗೋಡೆ ಮೇಲೇ ಇತ್ತು, ಇಸವಿ ಸಮೇತ. ಅದನ್ನು ನಾನೇ ಕೂಲಿ ಕೊಟ್ಟು ಅಳಿಸಿ, ಅದೇ ಜಾಗದಲ್ಲಿ ಬಿರುಕು ಈಗ ತಾನೇ ಹುಟ್ಟಿದ ಹಾಗೆ ಕಾಣುವಂತೆ ಮಾಡಿದ್ದೆ. ಬಣ್ಣ ಹೊಡೆಸದೇ ಇದ್ದಿದ್ದರೆ ಹಳೇ ಗಾಯ. ಹೊಡೆಸಿದ್ದಕ್ಕೆ ಹೊಸ ಗಾಯ, ಮೇಲೆ ಮುಚ್ಚಿಟ್ಟ ಅಪವಾದ.

ಲೆಕ್ಕ ಹೀಗೆ. ಜಾಗಕ್ಕೆ ಒಂದು ಬೆಲೆ, ಕಟ್ಟಡಕ್ಕೆ ಬೇರೆ ಬೆಲೆ. ಕಟ್ಟಡಕ್ಕೆ ಇವತ್ತು ಅಂಥದ್ದೇ ಮನೆ ಕಟ್ಟಲು ಎಷ್ಟಾಗುತ್ತೆ ಅಂತ ಹಿಡಿದು, ವಯಸ್ಸಿನ ಸವಕಳಿ ಕಳೆಯುತ್ತಾರೆ. 26 ವರ್ಷದ ಮನೆ, ಒಟ್ಟು ಆಯುಷ್ಯ 60 ಅಂತ ಹಿಡಿದಿದ್ದರೆ ಕಟ್ಟಡಕ್ಕೆ ಹತ್ತು ಲಕ್ಷ ಬರುತ್ತಿತ್ತು. ಅವರು ಗೋಡೆ ಇನ್ನೂ ಸರಿಯುತ್ತಿದೆ ಅಂತ ಹಿಡಿದು, ಇನ್ನು 15 ವರ್ಷ ಮಾತ್ರ ಬಾಳಬಹುದು ಅಂತ ಬರೆದರು. ಏಳು ಲಕ್ಷದ ಹತ್ತಿರ ಬಂತು. ಬ್ಯಾಂಕು ಒಟ್ಟು ಬೆಲೆಯ ನೂರಕ್ಕೆ ಅರವತ್ತು ಕೊಡುತ್ತಿತ್ತು, ಹಾಗಾಗಿ ಸಾಲದಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಕಮ್ಮಿ. ಫೀಸಿನ ಗಡುವು ಹತ್ತಿರ ಬಂದಿತ್ತು, ಇನ್ನೊಬ್ಬ ವ್ಯಾಲ್ಯುವರ್‌ನ ಕಾಯುವಷ್ಟು ಪುರುಸೊತ್ತಿರಲಿಲ್ಲ. ಉಳಿದದ್ದನ್ನು ಎರಡು ರೂಪಾಯಿ ಬಡ್ಡಿಗೆ ತಂದೆ. ತಿಂಗಳಿಗೆ ನೂರಕ್ಕೆ ಎರಡು. ಇನ್ನೂ ತೀರಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನಗನಿಸುತ್ತೆ. ಅವರು ಬರುವುದು ಮನೆ ಎಷ್ಟು ಚೆಂದ ಇದೆ ಅಂತ ನೋಡೋಕಲ್ಲ. ಅಳೀತಾರೆ, ಅಳತೆಯನ್ನು ಪ್ಲಾನ್ ಜೊತೆ ತಾಳೆ ನೋಡ್ತಾರೆ, ಕ್ರಯಪತ್ರದಲ್ಲಿರುವ ಚೆಕ್ಕುಬಂದಿ ಸ್ಥಳದಲ್ಲಿ ಕೂಡುತ್ತಾ ಅಂತ ನಾಲ್ಕೂ ದಿಕ್ಕು ಕೇಳ್ತಾರೆ. ಮಂಜೂರಾದ ಪ್ಲಾನ್, ಇ-ಖಾತಾ, ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸುವ ಪತ್ರ), ತೆರಿಗೆ ರಸೀದಿ ಒಂದು ಫೈಲಿನಲ್ಲಿರಲಿ. ಮಾಳಿಗೆ ಮೇಲೆ ಪರವಾನಗಿ ಇಲ್ಲದೆ ಕೋಣೆ ಕಟ್ಟಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೇ ಹೋಗಬಹುದು, ಅಲ್ಲಿಗೆ ಟೈಲ್ಸ್ ಹಾಕಿಸಿ ಏನು ಉಪಯೋಗ? ಪಕ್ಕದ ಸೈಟು ಇಷ್ಟಕ್ಕೆ ಹೋಯಿತು ಅಂತ ಕ್ರಯಪತ್ರ ತೋರಿಸಲು ಹೋಗಬೇಡಿ. ನಮ್ಮಲ್ಲಿ ರಿಜಿಸ್ಟರ್‌ನಲ್ಲಿ ಬರೆಯುವ ಬೆಲೆ ಒಂದು, ಕೈ ಬದಲಾಗುವ ದುಡ್ಡು ಇನ್ನೊಂದು.

ಶಹಾಬಾದ್ ಕಲ್ಲು ಕೀಳುವುದಂತೂ ಬೇಡವೇ ಬೇಡ. 43 ಡಿಗ್ರಿ ಬಿಸಿಲಲ್ಲಿ ಮಧ್ಯಾಹ್ನ ಆ ನೆಲದ ಮೇಲೆ ಮಲಗಿದವರಿಗೆ ಗೊತ್ತು. (ನಮ್ಮ ಅವ್ವ ಫ್ಯಾನ್ ಕೂಡ ಹಾಕಿಸಿಕೊಳ್ಳುತ್ತಿರಲಿಲ್ಲ.)

ಖರ್ಚು ಮಾಡಲೇಬೇಕು ಅಂತಿದ್ದರೆ ನೀರಿಗೆ ಮಾಡಿ. ಬಚ್ಚಲ ನೀರು ಗೋಡೆ ಬುಡಕ್ಕೆ ಹೋಗ್ತಿದ್ದರೆ ಪೈಪ್ ತಿರುಗಿಸಿ, ಮಾಳಿಗೆ ನೀರು ಬೀಳುವ ಜಾಗದಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಎರೆ ಮಣ್ಣಲ್ಲಿ ಒಂದು ಕಡೆ ಹಸಿ ಇನ್ನೊಂದು ಕಡೆ ಒಣ ಆದರೆ ಗೋಡೆ ಸೀಳೋದು ಖಂಡಿತ. ಬಿರುಕು ಇದ್ದರೆ ಹಾಗೇ ಬಿಡಿ. ಹಳೇ ಮದುವೆ, ನಾಮಕರಣದ ಫೋಟೋಗಳಲ್ಲಿ ಆ ಗೋಡೆ ಬಂದಿದೆಯಾ ಹುಡುಕಿ. ನಾನು ಅಲ್ಬಮ್ ತೆಗೆದು ನೋಡಿದ್ದು ರಿಪೋರ್ಟ್ ಬಂದ ಮೇಲೆ. 2009ರ ತೊಟ್ಟಿಲ ಕಾರ್ಯಕ್ರಮದ ಫೋಟೋದಲ್ಲಿ ಅವ್ವನ ತಲೆ ಹಿಂದೆ ಬಿರುಕು, ಅದರ ತುದಿಗೆ ಅಪ್ಪನ ಗೆರೆ, ಎರಡೂ ಸ್ಪಷ್ಟವಾಗಿ ಕಾಣ್ತಿದ್ದವು.

ಪೇಂಟರ್‌ಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಗೇಟಿಗೆ, ಕಾಂಪೌಂಡಿಗೆ ಹೊಡೆಸಿಕೊಳ್ಳಿ. ಒಳಗೆ ಬಿಡಬೇಡಿ.